ಖಂಡನಾ ಹೇಳಿಕೆ: ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಯ ಗುಡಿಸಲುಗಳನ್ನು ಕಿತ್ತ ಕ್ರಮದ ಕುರಿತು

ಧಾರವಾಡ

ನಾಗರಹೊಳೆ ಕಾಡಿನೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಮರಳಿ ಬಂದ ಜೇನುಕುರುಬ ಕುಟುಂಬಗಳ ಗುಡಿಸಲುಗಳನ್ನು ಅರಣ್ಯ ಇಲಾಖೆ ಕಿತ್ತುಹಾಕಿದ್ದನ್ನು ನಮ್ಮ ಸಂಘ ತೀವ್ರವಾಗಿ ಖಂಡಿಸುತ್ತದೆ. ಭೂಮಿಯ ಹಕ್ಕು ಕೇಳಿದ ತಪ್ಪಿಗೆ ಆ ಕುಟುಂಬಗಳ ಮುಂದಾಳುಗಳನ್ನು ಕಾಡಿನ ವೈರಿಗಳೆಂದು, ಯಾರದೋ ಮಾತಿಗೆ ಕುಣಿಯುವವರೆಂದು ಬಿಂಬಿಸುತ್ತಿರುವುದನ್ನೂ ಖಂಡಿಸುತ್ತದೆ. ಕಾರ್ಯಕಾರಿ ಸಮಿತಿಯಲ್ಲಿ ಈ ಹೇಳಿಕೆಯ ಮೇಲೆ ಸಾಕಷ್ಟು ವಾದ ನಡೆಯಿತು. ಹುಬ್ಬಳ್ಳಿ-ಧಾರವಾಡದಿಂದ ನಾಗರಹೊಳೆ 400 ಕಿಲೋಮೀಟರ್‌ಗೂ ಆಚೆ ಇದೆ, ಅಲ್ಲಿಯ ತಂಟೆ ನಮಗ್ಯಾಕೆ ಎಂದು ಕೇಳಿದ ಸದಸ್ಯರೂ ಇದ್ದರು. ಅದಕ್ಕೆ ಉತ್ತರ ಈ ಹೇಳಿಕೆಯ ಕೊನೆಯ ಭಾಗದಲ್ಲಿದೆ.

ನಡೆದದ್ದು ಇಷ್ಟು. ಈ ಹಾಡಿಯ ಜನರನ್ನು 1980ರ ದಶಕದಲ್ಲಿ ಕಾಡಿನಿಂದ ಹೊರಗೆ ದಬ್ಬಲಾಯಿತು. ಹೊರಬಿದ್ದವರು ಕೊಡಗಿನ ಕಾಫಿ ತೋಟಗಳ ಲೈನ್ ಮನೆ ಸೇರಿ ಕೂಲಿಗಳಾದರು. ಲೈನ್ ಮನೆ ಎಂದರೆ ತೋಟದ ಮಾಲೀಕ ಕೂಲಿಗಳಿಗೆಂದು ಕಟ್ಟಿಸಿದ ಮನೆ. ಕೆಲಸ ಇರುವತನಕ ಸೂರು, ಕೆಲಸ ಬಿಟ್ಟ ದಿನ ಬೀದಿ. ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಕಾದು ಸಾಕಾದ ಮೇಲೆ 2025ರ ಮೇ 5ರಂದು 52 ಕುಟುಂಬಗಳು ತಮ್ಮ ಹಿರಿಯರ ನೆಲಕ್ಕೆ ಮರಳಿ ಬಂದವು. ಬಿದಿರು, ತಾಡಪತ್ರಿ, ಒಂದಿಷ್ಟು ಪಾತ್ರೆ, ಹೆಗಲ ಮೇಲೆ ಮಕ್ಕಳು. ಅರಣ್ಯ ಸಿಬ್ಬಂದಿ, ಪೊಲೀಸರು, ವಿಶೇಷ ಹುಲಿ ಸಂರಕ್ಷಣಾ ಪಡೆಯವರು ಬಂದು ಸುತ್ತುವರಿದರು. ಸೂರು ಕಿತ್ತರು. ಜನ ಕದಲದೆ ಮತ್ತೆ ಕಟ್ಟಿಕೊಂಡರು. ಜೂನ್‌ನಲ್ಲಿ ಮತ್ತೆ ಬಂದು ಕಿತ್ತರು. ಅದು ಮುಂಗಾರಿನ ತಿಂಗಳು. ಕೊಡಗಿನ ಮಳೆ ಎಂಥದೆಂದು ಗುಡಿಸಲು ಕೀಳಿಸಿದವರಿಗೆ ನಾವು ಹೇಳಿಕೊಡಬೇಕಿಲ್ಲ.

ಇಲಾಖೆಯ ವಾದ ಸರಳವಾಗಿದೆ: ಅಲ್ಲಿ ಈಚಿನ ದಶಕಗಳಲ್ಲಿ ಯಾರೂ ವಾಸವಿರಲಿಲ್ಲ, ಆದ್ದರಿಂದ ಇವರು ಹೊಸದಾಗಿ ನುಗ್ಗಿದವರು. ವಾಸವಿರಲಿಲ್ಲ ಏಕೆ ಎಂಬ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ. ಹೊರಗೆ ಹಾಕಿದ್ದಕ್ಕೆ ಕಾಗದ ಇಟ್ಟುಕೊಳ್ಳದವರು ಒಳಗೆ ಬಂದವರಿಂದ ಕಾಗದ ಕೇಳುತ್ತಿದ್ದಾರೆ. ನಮ್ಮ ಖಂಡನೆಯ ಮೂಲ ಇರುವುದು ಇಲ್ಲಿ.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪೀಠಿಕೆಯೇ ಅರಣ್ಯವಾಸಿಗಳಿಗೆ ಐತಿಹಾಸಿಕ ಅನ್ಯಾಯವಾಗಿದೆ ಎಂದು ಒಪ್ಪಿಕೊಂಡಿದೆ. 2005ರ ಡಿಸೆಂಬರ್ 13ಕ್ಕಿಂತ ಮುಂಚೆ, ಪುನರ್ವಸತಿಯ ಹಕ್ಕನ್ನೇ ಕೊಡದೆ ಅಕ್ರಮವಾಗಿ ಎತ್ತಂಗಡಿ ಮಾಡಿದವರಿಗೆ ಅದೇ ಜಾಗದಲ್ಲಿ, ಇಲ್ಲವೇ ಬದಲಿ ಜಾಗದಲ್ಲಿ ನೆಲೆ ಕೊಡಬೇಕೆಂದು ಅದರ 3(1)(ಎಂ) ಕಲಂ ಹೇಳುತ್ತದೆ. ಸರ್ಕಾರವೇ ಅಚ್ಚು ಹಾಕಿಸಿದ ಅರ್ಜಿ ನಮೂನೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಲಂ ಇದೆ. ಆ ಕಾಲಂ ತುಂಬುವವನು ಈಗ ಆ ಜಾಗದಲ್ಲಿ ಇರುವುದಿಲ್ಲ ಎಂಬುದು ಕಾಯ್ದೆ ಬರೆದವರಿಗೆ ಗೊತ್ತಿತ್ತು. ಹಾಗಿರುವಾಗ ‘ನೀವು ಅಲ್ಲಿರಲಿಲ್ಲ’ ಎಂದು ಅರ್ಜಿ ತಳ್ಳಿಹಾಕುವುದು ಆ ಕಲಮಿಗೇ ಬೀಗ ಜಡಿದ ಹಾಗೆ.

ಇನ್ನು ಉಪಗ್ರಹ ಚಿತ್ರದ ಮಾತು. ಅರಣ್ಯ ಹಕ್ಕಿನ ಅರ್ಜಿಗಳಲ್ಲಿ ಇದು ಎಲ್ಲೆಡೆ ಎದುರಾಗುತ್ತದೆ. 2012ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕವಾಗಬಹುದೇ ಹೊರತು ಅದರ ಜಾಗದಲ್ಲಿ ಕೂರುವಂತಿಲ್ಲ. ಇಂಥದ್ದೇ ದಾಖಲೆ ತನ್ನಿ ಎಂದು ಅರ್ಜಿ ಪರಿಶೀಲಿಸುವ ಸಮಿತಿಗಳು ಪಟ್ಟು ಹಿಡಿಯುವಂತಿಲ್ಲ. ಊರ ಹಿರಿಯರ ಹೇಳಿಕೆ, ಗೋರಿ, ದೇವರ ಜಾಗ, ಹಳೆಯ ಬಾವಿ ಇವೆಲ್ಲ ಸಾಕ್ಷ್ಯ. ಬಿದಿರು ಹುಲ್ಲಿನ ಗುಡಿಸಲು ಮರದ ನೆರಳಲ್ಲಿ ಇದ್ದರೆ ಆಕಾಶದಿಂದ ಏನು ಕಂಡೀತು? ನೆಲಕ್ಕೆ ಇಳಿದು, ಸತ್ತವರನ್ನು ಎಲ್ಲಿ ಮಣ್ಣು ಮಾಡಿದ್ದೀರಿ ಎಂದು ಮುದುಕರನ್ನು ಕೇಳಿ ಮಹಜರು ಮಾಡುವುದು ಸಮಿತಿಯ ಕೆಲಸ. ಅದಕ್ಕೂ ಮೇಲಾಗಿ, ಹಕ್ಕಿನ ಪರಿಶೀಲನೆ ಪೂರ್ತಿ ಮುಗಿಯುವವರೆಗೆ ಯಾರನ್ನೂ ಎಬ್ಬಿಸಬಾರದು ಎನ್ನುತ್ತದೆ 4(5)ನೇ ಕಲಂ. ಪರಿಶೀಲನೆ ಎಂದರೆ ಉಪವಿಭಾಗ ಸಮಿತಿಯ ಒಂದು ಸಭೆಯಲ್ಲ. ತಿರಸ್ಕಾರದ ಕಾರಣವನ್ನು ಬರಹದಲ್ಲಿ ತಿಳಿಸಬೇಕು, ಮೇಲ್ಮನವಿಗೆ 60 ದಿನ ಕೊಡಬೇಕು, ಅರ್ಜಿದಾರನ ಮಾತನ್ನು ಕೇಳಬೇಕು. ಇದೆಲ್ಲ ಆದ ಮೇಲೆ ತಾನೇ ಮುಂದಿನ ಮಾತು?

ಆದರೆ ಕಾಯ್ದೆಯ ಹಲ್ಲು ಎಷ್ಟು ಮೊಂಡು ಎಂಬುದನ್ನೂ ಹೇಳಬೇಕು. ಇದನ್ನು ಮುರಿದ ಅಧಿಕಾರಿಗೆ ಅದೇ ಕಾಯ್ದೆಯಡಿ ಇರುವ ಶಿಕ್ಷೆ ಹೆಚ್ಚೆಂದರೆ 1,000 ರೂಪಾಯಿ ದಂಡ. ಅದಕ್ಕೂ ರಾಜ್ಯ ಮಟ್ಟದ ಉಸ್ತುವಾರಿ ಸಮಿತಿಗೆ 60 ದಿನದ ನೋಟಿಸು ಕೊಟ್ಟು ಕಾಯಬೇಕು. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ ಮಾತ್ರ ಸ್ವಲ್ಪ ಗಟ್ಟಿಯಾಗಿದೆ. ಪರಿಶಿಷ್ಟರ ಅರಣ್ಯ ಹಕ್ಕಿಗೆ ಅಡ್ಡಿಪಡಿಸುವುದು ಅದರ ಪ್ರಕಾರ ದೌರ್ಜನ್ಯ. ಆ ಕಲಂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದನ್ನು ನಾವಂತೂ ಅಪರೂಪಕ್ಕೂ ಕಂಡಿಲ್ಲ.

ಈ ಹೋರಾಟದ ಮುಂದೆ ನಿಂತವರ ಬಗ್ಗೆ ಎರಡು ಮಾತು ಹೇಳದೆ ಹೋದರೆ ಈ ಖಂಡನೆ ಬರೀ ಕಲಮುಗಳ ಲೆಕ್ಕವಾಗುತ್ತದೆ. ನಾಗರಹೊಳೆಯ ಗದ್ದೆಹಾಡಿಯ ಜೆ.ಕೆ. ತಿಮ್ಮ ಅವರು ‘ಜಮ್ಮಾಪಾಳೆ’ ಹಕ್ಕಿಗಾಗಿ, ಅಂದರೆ ಹಿರಿಯರಿಂದ ಬಂದ ನೆಲೆಯ ಹಕ್ಕಿಗಾಗಿ, ಆದಿವಾಸಿಗಳನ್ನು ಸಂಘಟಿಸುತ್ತ ಬಂದವರು. ಕರಡಿಕಲ್ಲಿಗೆ ಮರಳಿದ ಕುಟುಂಬಗಳ ಪರವಾಗಿ ಮಾತಾಡುತ್ತಿರುವ ಜೆ.ಎ. ಶಿವು, ತಿಮ್ಮ ಅವರಿಗಿಂತ ಕಿರಿಯ ತಲೆಮಾರಿನವರು. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ 577 ಆದಿವಾಸಿ ಕುಟುಂಬಗಳ ಗುಡಿಸಲು ನೆಲಸಮವಾದಾಗ ಅಲ್ಲಿ ಮುಂದಾಳಾಗಿ ನಿಂತವರು ಜೇನುಕುರುಬ ಹೆಣ್ಣುಮಗಳು ಮುತ್ತಮ್ಮ. 

ಇಂಥವರ ಬದುಕು ಪತ್ರಿಕೆಗಳಲ್ಲಿ ಕಾಣುವುದು ಧರಣಿಯ ಫೋಟೊದಲ್ಲಿ, ಅದೂ ಒಳಪುಟದಲ್ಲಿ. ಉಳಿದ ದಿನಗಳು ಹೇಗಿರುತ್ತವೆ ಎಂಬುದು ಅರಣ್ಯ ಹಕ್ಕಿನ ಅರ್ಜಿ ಹಿಡಿದು ಯಾವುದೇ ಜಿಲ್ಲೆಯಲ್ಲಿ ಅಲೆದವರಿಗೆ ಗೊತ್ತು. ಬೆಳಗಿನ ಬಸ್ಸು ಹಿಡಿದು ತಾಲೂಕು ಕಚೇರಿಗೆ ಹೋಗಬೇಕು. ಅಲ್ಲಿ ಕಡತ ಉಪವಿಭಾಗಕ್ಕೆ ಹೋಗಿದೆ ಅನ್ನುತ್ತಾರೆ. ಉಪವಿಭಾಗದಲ್ಲಿ ಸಾಹೇಬರು ಮೀಟಿಂಗಿನಲ್ಲಿ ಇರುತ್ತಾರೆ. ಆ ದಿನದ ಕೂಲಿ ಹೋಯಿತು. ಸಂಜೆ ಊರಿಗೆ ಬಂದರೆ ಜನ ಕೇಳುತ್ತಾರೆ, ಏನಾಯ್ತು ಅಂತ. ಏನೂ ಆಗಲಿಲ್ಲ ಅಂತ ಹೇಳುವುದೇ ಈ ಹೋರಾಟಗಾರರ ಅತಿ ಕಷ್ಟದ ಕೆಲಸ. ಮೂರು ಸಲ ಹಾಗೆ ಹೇಳಿದರೆ ತಮ್ಮವರೇ ನಂಬಿಕೆ ಕಳೆದುಕೊಳ್ಳುತ್ತಾರೆ, ನಾಲ್ಕನೇ ಸಲ ದುಡ್ಡು ತಿಂದಿದ್ದಾನೆ ಎಂಬ ಮಾತು ಹುಟ್ಟುತ್ತದೆ. ಇನ್ನೊಂದು ಕಡೆ ಕಾಡಿನ ದಾರಿಯಲ್ಲಿ ಒಂಟಿಯಾಗಿ ಸಿಕ್ಕಿಬಿದ್ದರೆ ಜಿಂಕೆ ಮಾಂಸದ ಕೇಸು ಬೀಳಬಹುದು ಎಂಬ ಹೆದರಿಕೆ. ಇದು ಬರೀ ಕಲ್ಪನೆಯ ಹೆದರಿಕೆಯಲ್ಲ. ಎಚ್.ಡಿ. ಕೋಟೆ ತಾಲೂಕಿನ ಒಬ್ಬ ಆದಿವಾಸಿಯನ್ನು 2022ರ ಅಕ್ಟೋಬರ್‌ನಲ್ಲಿ ಜಿಂಕೆ ಮಾಂಸದ ಆರೋಪದ ಮೇಲೆ ಅರಣ್ಯ ಇಲಾಖೆ ಹಿಡಿದೊಯ್ದಿತು; ಆತ ಇಲಾಖೆಯ ವಶದಲ್ಲಿರುವಾಗಲೇ ತೀರಿಕೊಂಡ. ಅರಣ್ಯ ಸಿಬ್ಬಂದಿಯ ಮೇಲೆಯೇ ಪ್ರಕರಣ ದಾಖಲಾಯಿತು. ಭೂಮಿ ಕೇಳುವ ಆದಿವಾಸಿಗೆ ಜಗತ್ತಿನ ಎಲ್ಲ ಕಡೆಯೂ ಇದೇ ಪಾಡು. ಹೊಂಡುರಾಸ್ ದೇಶದಲ್ಲಿ ಲೆಂಕಾ ಬುಡಕಟ್ಟಿನ ಬೆರ್ತಾ ಕಾಸೆರೆಸ್ ತಮ್ಮ ಜನರ ನದಿಗೆ ಅಣೆಕಟ್ಟು ಬೇಡವೆಂದು ಹೋರಾಡಿದರು. 2015ರಲ್ಲಿ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು, 2016ರ ಮಾರ್ಚ್‌ನಲ್ಲಿ ಮನೆಗೆ ನುಗ್ಗಿ ಅವರನ್ನು ಗುಂಡಿಕ್ಕಿ ಕೊಂದರು. ಪ್ರಶಸ್ತಿ ಕೊಡುವವರು ಒಬ್ಬರು, ಕಾವಲು ಕೊಡಬೇಕಾದವರು ಇನ್ನೊಬ್ಬರು.

ಹುಲಿಯ ಮಾತಿಗೆ ಬರೋಣ, ಏಕೆಂದರೆ ನಮ್ಮ ಸದಸ್ಯರಲ್ಲೇ ಹಲವರು ವನ್ಯಜೀವಿ ಪ್ರೇಮಿಗಳು. ಹುಲಿ ಉಳಿಯಬೇಕು ಎಂಬುದರಲ್ಲಿ ನಮಗೆ ತಕರಾರಿಲ್ಲ. ಆದರೆ ಹುಲಿಗೂ ಹಾಡಿಗೂ ಕೂಡಿಬರುವುದಿಲ್ಲ ಎಂಬ ಮಾತಿಗೆ ನಮ್ಮ ರಾಜ್ಯದಲ್ಲೇ ಉತ್ತರವಿದೆ. ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದಲ್ಲಿ 2011ರಲ್ಲೇ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅದರ ನಂತರದ ಮೊದಲ ಎಣಿಕೆಯಲ್ಲಿ ಅಲ್ಲಿಯ ಹುಲಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ನಾಗರಹೊಳೆಯದೇ ಇನ್ನೊಂದು ಕತೆ ಕೇಳಿ. 1990ರ ದಶಕದಲ್ಲಿ ಇದೇ ಕಾಡಿನೊಳಗೆ ತಾಜ್ ಗುಂಪಿನ ರೆಸಾರ್ಟ್ ಏಳುತ್ತಿತ್ತು. ಅದನ್ನು ತಡೆದವರು ಆದಿವಾಸಿಗಳು. ಅವರ ಹಕ್ಕು ಸ್ಥಾಪನಾ ಸಮಿತಿ ಕೋರ್ಟ್ ಮೆಟ್ಟಿಲೇರಿತು, ಆ ಗುತ್ತಿಗೆ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಎಂದು ರಾಜ್ಯ ಹೈಕೋರ್ಟ್ 1997ರ ಜನವರಿಯಲ್ಲಿ ಹೇಳಿತು. ಪಂಚತಾರಾ ಹೋಟೆಲಿನಿಂದ ಕಾಡು ಉಳಿಸಿದವರಿಗೆ ಈಗ ಕಾಡು ಉಳಿಸುವ ಪಾಠ. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದು.

2024ರ ಜೂನ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ರಾಜ್ಯಗಳಿಗೆ ಒಂದು ಪತ್ರ ಬರೆದಿದೆ. ಹುಲಿ ಕಾಡುಗಳ ಒಳಭಾಗದಲ್ಲಿ 591 ಹಳ್ಳಿ, 64,801 ಕುಟುಂಬಗಳಿವೆ, ಇವುಗಳ ಸ್ಥಳಾಂತರಕ್ಕೆ ಆದ್ಯತೆ ಕೊಡಿ ಎಂಬುದು ಅದರ ಸಾರ. ಸ್ವಇಚ್ಛೆಯಿಂದ ಹೊರಟ ಕುಟುಂಬಕ್ಕೆ 15 ಲಕ್ಷ ರೂಪಾಯಿ. ಮೊದಲು ಹಕ್ಕು ಗುರುತಿಸಿ, ಆಮೇಲೆ ಗ್ರಾಮಸಭೆಯ ಒಪ್ಪಿಗೆ ಪಡೆದು, ಆಮೇಲೆ ಸ್ಥಳಾಂತರ ಎಂಬ ಕ್ರಮವನ್ನು ಅರಣ್ಯ ಹಕ್ಕು ಕಾಯ್ದೆಯೂ ವನ್ಯಜೀವಿ ಕಾಯ್ದೆಯೂ ಹೇಳುತ್ತವೆ. ಹಕ್ಕುಪತ್ರ ಕೊಡದೆ ಸತಾಯಿಸಿ, ರಸ್ತೆ, ಕರೆಂಟು, ಶಾಲೆ ಕೊಡದೆ ಸತಾಯಿಸಿ ಕೊನೆಗೆ ಪಡೆದ ಒಪ್ಪಿಗೆಗೆ ಸ್ವಇಚ್ಛೆ ಎಂಬ ಹೆಸರು ಒಪ್ಪುವುದಿಲ್ಲ.

ಈಗ ಧಾರವಾಡದ ಮಾತು. 1984ರಲ್ಲಿ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಹುಟ್ಟುಹಾಕಿದವು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆದು ಕಾರ್ಖಾನೆಗೆ ಸಾಗಿಸುವುದು ಅದರ ಉದ್ದೇಶ. ಆ ಭೂಮಿ ಹಳ್ಳಿಯ ದನ ಮೇಯುತ್ತಿದ್ದ, ಬಡವರ ಒಲೆಗೆ ಕಟ್ಟಿಗೆ ಬರುತ್ತಿದ್ದ ಭೂಮಿ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಧಾರವಾಡದಿಂದಲೇ ಇದನ್ನು ಎದುರಿಸಿತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಮೊದಲ ಹೆಸರು ಡಾ. ಶಿವರಾಮ ಕಾರಂತರದು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ, ಈಗ ಹಾವೇರಿ ಜಿಲ್ಲೆಗೆ ಸೇರಿದ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ರೈತರು ಕಂಪನಿಯ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ‘ಕಿತ್ತಿಕೋ-ಹಚ್ಚಿಕೋ’ ಎಂದು ಅದು ಹೆಸರಾಯಿತು. 1991ರಲ್ಲಿ ಕಂಪನಿಯೇ ಮುಚ್ಚಿತು. ಅಂದು ಕುಸನೂರಿನ ರೈತರನ್ನು ಕಾನೂನು ಮುರಿದವರು ಎಂದವರು ಇದ್ದರು. ಇಂದು ಕರಡಿಕಲ್ಲಿನ ಜನರನ್ನು ಹಾಗೆ ಕರೆಯುವವರ ಜೊತೆ ಧಾರವಾಡದ ಸಂಘವೊಂದು ನಿಲ್ಲಲಾರದು.

ಅದಕ್ಕಿಂತಲೂ ಹತ್ತಿರದ್ದು ಕಲಘಟಗಿ ತಾಲೂಕಿನ ಸಿದ್ದಿಗಳ ಕತೆ. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ತಂದ ಗುಲಾಮರ ಸಂತತಿ, ಗೋವೆಯ ಕಡೆಯಿಂದ ತಪ್ಪಿಸಿಕೊಂಡು ಬಂದು ಈ ಕಾಡುಗಳಲ್ಲಿ ನೆಲೆ ಕಂಡವರು. 2003ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಜಿಲ್ಲೆಯ ಗಡಿಯ ಈಚೆಗಿದ್ದ ನಮ್ಮ ಸಿದ್ದಿಗಳು ಸೇರಲಿಲ್ಲ. ಹಳಿಯಾಳದಲ್ಲಿರುವ ಅಣ್ಣ ಪರಿಶಿಷ್ಟ ಪಂಗಡ, ಕಲಘಟಗಿಯಲ್ಲಿರುವ ತಮ್ಮ ಅಲ್ಲ. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯ ಸಿದ್ದಿಗಳು ಪಟ್ಟಿ ಸೇರಿದ್ದು 2020ರ ತಿದ್ದುಪಡಿಯಿಂದ. ಭೂಮಿಯ ವಿಷಯದಲ್ಲಿ ಈ 17 ವರ್ಷಕ್ಕೆ ಭಾರಿ ಬೆಲೆ ತೆರಬೇಕಾಯಿತು. ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಸಾಗುವಳಿಯಲ್ಲಿದ್ದರೆ ಸಾಕು. ಉಳಿದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ ಕಾಡಿನಲ್ಲಿದ್ದೆವೆಂದು ತೋರಿಸಬೇಕು.

ನಮ್ಮ ಸದಸ್ಯರು ಅರ್ಜಿ ತುಂಬಿಸಲು ಹೋದಾಗ ಒಂದು ಮನೆಯಲ್ಲಿ ತಗಡಿನ ಡಬ್ಬಿಯಿಂದ ಒಂದು ಹಿಂಬರಹ ಹೊರಬಂತು. ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದರು. ಟೈಪು ಮಾಡಿದ ಅಚ್ಚಿನ ಒಕ್ಕಣೆ, ಹೆಸರಿನ ಜಾಗದಲ್ಲಿ ಮಾತ್ರ ಪೆನ್ನಿನ ಬರಹ: ‘75 ವರ್ಷಗಳ ದಾಖಲೆ ಹಾಜರುಪಡಿಸದ ಕಾರಣ ತಿರಸ್ಕರಿಸಲಾಗಿದೆ.’ ಸಹಿಯ ಕೆಳಗೆ ಹುದ್ದೆಯ ಮೊಹರು ಅರ್ಧ ಮೂಡಿತ್ತು. ಅದು ತಿರಸ್ಕಾರ ಎಂಬುದೇ ಆ ಮನೆಯ ಯಜಮಾನಿಗೆ ಗೊತ್ತಿರಲಿಲ್ಲ. ಸರ್ಕಾರಿ ಮೊಹರಿದೆ, ಉತಾರ ಇದ್ದ ಹಾಗೆ ಇದು ಎಂದುಕೊಂಡು ಜೋಪಾನ ಮಾಡಿದ್ದಳು. ಮೇಲ್ಮನವಿಯ 60 ದಿನ ಎಂದೋ ಕಳೆದಿತ್ತು. ಗಂಡ ಅದೇ ಹೊಲದಲ್ಲಿ ಗೋವಿನಜೋಳ ಹಾಕಿ, ರಾತ್ರಿ ಹಂದಿ ಕಾಯಲು ಅಟ್ಟಣಿಗೆಯ ಮೇಲೆ ಮಲಗುತ್ತಿದ್ದ. ಪಕ್ಕದ ಗೌಳಿವಾಡದವರ ಸ್ಥಿತಿ ಇನ್ನೂ ಕಷ್ಟ: ದನಗರ ಗೌಳಿಗಳು ಇವತ್ತಿಗೂ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ. ದನಗಳ ಹಿಂದೆ ಕಾಡು ಸುತ್ತಿದವರು 75 ವರ್ಷದ ಕಾಗದವನ್ನು ಎಲ್ಲಿಂದ ತಂದಾರು?

ರಾಜ್ಯದ ಒಟ್ಟು ಲೆಕ್ಕವೂ ಇದನ್ನೇ ಹೇಳುತ್ತದೆ. ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಅಂಕಿಗಳಲ್ಲಿ ಕರ್ನಾಟಕದಿಂದ 2.9 ಲಕ್ಷಕ್ಕೂ ಹೆಚ್ಚು ಅರ್ಜಿ ಇವೆ. ತಿರಸ್ಕೃತವಾದವು 2.5 ಲಕ್ಷದ ಆಸುಪಾಸು, ಹಕ್ಕುಪತ್ರ ಸಿಕ್ಕಿದ್ದು 20,000ವನ್ನೂ ಮುಟ್ಟಿಲ್ಲ. 2019ರ ಫೆಬ್ರುವರಿ 13ರಂದು, ಅರ್ಜಿ ತಿರಸ್ಕೃತವಾದವರನ್ನೆಲ್ಲ ಕಾಡಿನಿಂದ ಎಬ್ಬಿಸಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿದಾಗ ಈ ತಿರಸ್ಕಾರಗಳ ನಿಜವಾದ ತೂಕ ಎಲ್ಲರಿಗೂ ತಿಳಿಯಿತು. ಅದೇ ತಿಂಗಳ 28ರಂದು ಕೋರ್ಟೇ ಆ ಆದೇಶಕ್ಕೆ ತಡೆ ಕೊಟ್ಟಿತು, ಅರ್ಜಿಗಳನ್ನು ಸರಿಯಾದ ಕ್ರಮದಲ್ಲಿ ತಳ್ಳಿಹಾಕಿದ್ದೀರೋ ಎಂದು ರಾಜ್ಯಗಳನ್ನು ಕೇಳಿತು. ಆ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಇನ್ನೂ ಬರಬೇಕಿದೆ. ನಾಗರಹೊಳೆಯಲ್ಲಿ ಬಡಿಗೆ ಹಿಡಿದು ಮಾಡಿದ ಕೆಲಸವನ್ನು ನಮ್ಮ ಜಿಲ್ಲೆಯಲ್ಲಿ ಪೆನ್ನು ಹಿಡಿದು ಮಾಡಿದ್ದಾರೆ. ನಮ್ಮ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ‘ನಮಗ್ಯಾಕೆ’ ಎಂದು ಕೇಳಿದ ಹಿರಿಯರು ಈ ಹೇಳಿಕೆಗೆ ಸಹಿ ಹಾಕಿದ್ದು ಆ ಹಿಂಬರಹದ ಜೆರಾಕ್ಸ್ ನೋಡಿದ ಮೇಲೆ.

ಆದ್ದರಿಂದ ಕರಡಿಕಲ್ಲು ಅತ್ತೂರು ಕೊಲ್ಲಿಯಲ್ಲಿ ಬಲವಂತದ ತೆರವನ್ನು ರಾಜ್ಯ ಸರ್ಕಾರ ಈ ಕ್ಷಣದಿಂದ ನಿಲ್ಲಿಸಬೇಕು. ಅಲ್ಲಿಯ ಅರ್ಜಿಗಳನ್ನು 3(1)(ಎಂ) ಕಲಮಿನ ಅಡಿಯಲ್ಲಿ, ಸ್ಥಳದಲ್ಲೇ ಮಹಜರು ಮಾಡಿ, ಗ್ರಾಮಸಭೆಯ ಮುಂದೆ ಮತ್ತೊಮ್ಮೆ ಪರಿಶೀಲಿಸಬೇಕು. ಜೇನುಕುರುಬರು ಕೇಂದ್ರ ಸರ್ಕಾರವೇ ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿರುವ ರಾಜ್ಯದ ಎರಡು ಸಮುದಾಯಗಳಲ್ಲಿ ಒಂದು, ಕೊರಗರು ಇನ್ನೊಂದು. ಇವರ ಆವಾಸದ ಹಕ್ಕನ್ನೂ ಕಾಯ್ದೆ ಹೇಳಿದೆ. ಅದನ್ನು ಗುರುತಿಸುವ ಕೆಲಸ ಶುರುವಾಗಬೇಕು. ಗುಡಿಸಲು ಕೀಳಲು ಲಿಖಿತ ಆದೇಶ ಕೊಟ್ಟವರು ಯಾರು, ಯಾವ ಕಲಮಿನಡಿ ಎಂಬುದನ್ನು ಬಹಿರಂಗಪಡಿಸಬೇಕು, ಆದೇಶವಿಲ್ಲದೆ ಕಿತ್ತಿದ್ದರೆ ದೌರ್ಜನ್ಯ ತಡೆ ಕಾಯ್ದೆಯಡಿ ಪ್ರಕರಣ ದಾಖಲಿಸಬೇಕು. ಧಾರವಾಡ ಜಿಲ್ಲಾಡಳಿತಕ್ಕೆ ನಮ್ಮ ಒತ್ತಾಯ ಬೇರೆಯೇ ಇದೆ: 2020ಕ್ಕೆ ಮೊದಲು 75 ವರ್ಷದ ದಾಖಲೆ ಇಲ್ಲವೆಂದು ತಳ್ಳಿಹಾಕಿದ ಸಿದ್ದಿ ಕುಟುಂಬಗಳ ಎಲ್ಲ ಕಡತಗಳನ್ನು, ಅವರಿಂದ ಹೊಸ ಅರ್ಜಿ ಕೇಳದೆ, ತಾನಾಗಿ ಮರಳಿ ತೆರೆಯಬೇಕು. ಗೌಳಿಗಳ ವಿಷಯದಲ್ಲಿ ಹಿರಿಯರ ಹೇಳಿಕೆಯನ್ನು ನಿಯಮದ ಪ್ರಕಾರ ಸಾಕ್ಷ್ಯವಾಗಿ ಸ್ವೀಕರಿಸಬೇಕು.

ಮೇಲ್ಮನವಿ ಬರೆದುಕೊಡಲು, ಹಿರಿಯರ ಹೇಳಿಕೆ ದಾಖಲಿಸಲು ನಮ್ಮ ಸದಸ್ಯರಾದ ವಕೀಲರೂ ಶಿಕ್ಷಕರೂ ಕಲಘಟಗಿ ತಾಲೂಕಿನ ಸಿದ್ದಿ ಮತ್ತು ಗೌಳಿ ವಸತಿಗಳಿಗೆ ಹೋಗುತ್ತಾರೆ. ಜಿಲ್ಲಾಡಳಿತ ತನ್ನ ಸಿಬ್ಬಂದಿಯನ್ನೂ ಜೊತೆಗೆ ಕಳಿಸಿದರೆ ಸ್ವಾಗತ.

ಈ ಹೇಳಿಕೆಯ ಪ್ರತಿಗಳನ್ನು ಮುಖ್ಯಮಂತ್ರಿಗಳಿಗೆ, ಅರಣ್ಯ ಸಚಿವರಿಗೆ, ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಗೆ, ಕೊಡಗು ಮತ್ತು ಧಾರವಾಡ ಜಿಲ್ಲಾಧಿಕಾರಿಗಳಿಗೆ ಹಾಗೂ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗಕ್ಕೆ ಕಳುಹಿಸಲಾಗುತ್ತಿದೆ.

ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಕಾರ್ಯಕಾರಿ ಸಮಿತಿಯ ಸದಸ್ಯರು